ಕೊನೆಗೆ ಹೊರಡುವವರು ದೀಪ ಆರಿಸಿ

ತಂಗಿ ಫೋನ್ ಮಾಡಿದಾಗ ನಾನು ಕಚೇರಿಯಲ್ಲಿ ಒಬ್ಬರಿಗೆ ಬೈಯುತ್ತಿದ್ದೆ. ಅದೇನು ದೊಡ್ಡ ವಿಷಯವಲ್ಲ, ನಾನು ಯಾವ ಹೊತ್ತಿನಲ್ಲೂ ಯಾರಿಗೋ ಬೈಯುತ್ತಲೇ ಇರುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಕಚೇರಿಯವರು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ಅನ್ನಲಿ, ಸಪ್ಪೆ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ. ಆದರೆ ಫೋನಿನ ಮೇಲೆ ಬಂದ ಹೆಸರು ನೋಡಿ ಬೈಗುಳ ಅರ್ಧಕ್ಕೇ ನಿಂತಿತು. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಳು.

"ಅಕ್ಕಾ," ಅಂದಳು.

"ಏನೇ, ಬದುಕಿದ್ದೀಯಾ?" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ. ವರ್ಷಗಟ್ಟಲೆ ಕಾದು ಕೊನೆಗೆ ಆಡಿದ ಮೊದಲ ಮಾತು ಅದು.

ಪುಣ್ಯಕ್ಕೆ ಅವಳು ನಕ್ಕಳು. "ಇದ್ದೀನಿ. ನೀನೂ ಹಾಗೇ ಇದ್ದೀಯ, ಗೊತ್ತಾಯ್ತು ಬಿಡು." ಆಮೇಲೆ ದನಿ ತಗ್ಗಿಸಿದಳು. "ನಿನ್ನೆ ಊಟಕ್ಕೆ ಕೂತಾಗ ಮಗಳು ಕೇಳಿದ್ಲು ಅಕ್ಕಾ, ಅಜ್ಜಿಗೆ ದನಿ ಇತ್ತಾ ಅಂತ. ಅವಳಿಗೆ ಅಜ್ಜಿ ಅಂದ್ರೆ ಬರೀ ಚಮಚದ ಸದ್ದು. ಭಾನುವಾರ ಕರ್ಕೊಂಡು ಬರ್ತೀನಿ. ಅಮ್ಮನ ದನಿ ಕೇಳಿಸ್ತೀಯಾ? ಮೂರೂ ಜನ ಕೂತು ಕೇಳೋಣ."

"ಬಾ. ಬರದೇ ಇದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ," ಅಂದೆ. ಫೋನ್ ಇಟ್ಟ ಮೇಲೆ ಕಣ್ಣು ತುಂಬಿತು. ಎದುರಿಗೆ ನಿಂತಿದ್ದ ಗಡ್ಡದವರು, ಈಗ ತಾನೇ ನನ್ನಿಂದ ಬೈಸಿಕೊಳ್ಳುತ್ತಿದ್ದವರು, ಮೆಲ್ಲಗೆ ನೀರಿನ ಬಾಟಲಿ ಮುಂದೆ ಸರಿಸಿದರು.

ಅಮ್ಮ ಒಂದು ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಮುಖ ಯಾರಿಗೂ ಗೊತ್ತಿಲ್ಲ, ದನಿ ಊರಿಗೆಲ್ಲ ಗೊತ್ತು. ಅಂಗಡಿಯಲ್ಲಿ ಸಕ್ಕರೆ ಕೇಳಲು ಬಾಯಿ ಬಿಟ್ಟರೆ ಸಾಕು, ಪಕ್ಕದಲ್ಲಿ ನಿಂತವರು "ನೀವು ಆಸ್ಪತ್ರೆ ಫೋನಿನವರಲ್ವಾ?" ಅನ್ನುತ್ತಿದ್ದರು. "ಸ್ವಲ್ಪ ಕಾಯಿರಿ, ಜೋಡಿಸ್ತೀನಿ" ಎಂಬುದನ್ನು ಅವಳು ಎಷ್ಟು ಸಾವಧಾನವಾಗಿ ಹೇಳುತ್ತಿದ್ದಳೆಂದರೆ, ಆ ತುದಿಯಲ್ಲಿ ಅಳುತ್ತಿದ್ದವರೂ ಕಾಯುತ್ತಿದ್ದರು. ಮನೆಗೆ ಬಂದರೆ ಅದೇ ಗಂಟಲಿನಿಂದ ಗುಡುಗು. ನನ್ನ ನಾಲಿಗೆ ಎಲ್ಲಿಂದ ಬಂತು ಅಂದುಕೊಂಡಿರಿ?

ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆ ತೆಗೆದರೆ ಬದುಕುತ್ತಾರೆ, ಇಲ್ಲದಿದ್ದರೆ ಕೆಲವು ತಿಂಗಳು ಅಷ್ಟೇ ಎಂದರು ಡಾಕ್ಟರು. ತೆಗೆಯಿರಿ ಅಂದವಳು ನಾನು. ತಂಗಿ ಬೇಡವೇ ಬೇಡ ಅಂದಳು, ದನಿ ಹೋದ ಮೇಲೆ ಅಮ್ಮನಲ್ಲಿ ಅಮ್ಮ ಎಷ್ಟು ಉಳಿಯುತ್ತಾಳೆ ಅಂದಳು. ಅಮ್ಮನನ್ನು ಕೇಳಿದರೆ, "ನೀವಿಬ್ರೂ ಮೊದಲು ಒಂದು ಮಾತಿಗೆ ಬನ್ನಿ, ಆಮೇಲೆ ನಾನು ಹೇಳ್ತೀನಿ" ಅಂದಳು. ನಾವು ಒಂದು ಮಾತಿಗೆ ಬರಲಿಲ್ಲ. ನಾನು ದೊಡ್ಡವಳು, ನನ್ನ ಬಾಯಿ ಜೋರು, ನಾನು ಹೇಳಿದ್ದೇ ಆಯಿತು.

ಆಪರೇಷನ್ನಿಗೆ ಮುಂಚಿನ ವಾರವೆಲ್ಲ ತಂಗಿ ಫೋನ್ ಹಿಡಿದು ಅಮ್ಮನ ಬಾಲದ ಹಾಗೆ ಓಡಾಡಿದಳು. ಅಮ್ಮ ಬೈದದ್ದು, ಹಾಲಿನವನ ಹತ್ತಿರ ಜಗಳ ಮಾಡಿದ್ದು, ಮೊಮ್ಮಗಳನ್ನು ಮಲಗಿಸಿದ್ದು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಅಮ್ಮ ಎರಡು ವರ್ಷ ಬದುಕಿದಳು. ಮಾತಿಲ್ಲ. ಏನಾದರೂ ಬೇಕಾದರೆ ಚಮಚದಿಂದ ಲೋಟಕ್ಕೆ ಬಡಿಯುತ್ತಿದ್ದಳು. ನನಗೆ ಒಂದು ಸಲ, ತಂಗಿಗೆ ಎರಡು ಸಲ, ಮೊಮ್ಮಗಳಿಗೆ ಟಿಣಿಟಿಣಿ. ಅವಳು ಹೋದ ದಿನ ತಂಗಿ ಬಂದವರೆಲ್ಲರ ಎದುರಿಗೆ, "ಎರಡು ವರ್ಷ ಉಳಿಸ್ದೆ ಅಂತ ಬೀಗಬೇಡ. ನೀನು ಅಮ್ಮನ ದನಿ ಕಿತ್ಕೊಂಡವಳು" ಅಂದಳು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ. ಆಡಿದ ಮಾತು, ಒಡೆದ ಮುತ್ತು.

ಆ ರೆಕಾರ್ಡಿಂಗ್‌ಗಳನ್ನು ನಾವು ಇಟ್ಟದ್ದು ನಾನು ಕೆಲಸ ಮಾಡುವ ಕಂಪನಿಯ ಆ್ಯಪಿನಲ್ಲಿ ಮಾತ್ರ, ಬೇರೆಲ್ಲೂ ಪ್ರತಿ ಇರಲಿಲ್ಲ. ಮನೆಮಂದಿ ಸೇರಿ ತಮ್ಮ ದನಿ, ಫೋಟೊ, ವಿಡಿಯೊಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಆ್ಯಪ್ ಅದು. ಒಂದು ಮನೆಯವರು ಕೂಡಿಟ್ಟದ್ದಕ್ಕೆ ನಾವು ಗಂಟು ಅನ್ನುತ್ತೇವೆ. ಗಂಟಿಗೆ ಒಬ್ಬನೇ ಯಜಮಾನ ಇಲ್ಲ, ಸೇರಿದವರೆಲ್ಲ ಒಡೆಯರು. ಒಬ್ಬರು ಬಿಟ್ಟು ಹೋದರೂ ಉಳಿದವರಿಗಾಗಿ ಗಂಟು ಇರುತ್ತದೆ. ಎಲ್ಲರೂ ಬಿಟ್ಟರೆ ಅಳಿಯುತ್ತದೆ.

ಅದರ ಒಳಗಿನ ಪ್ರೋಗ್ರಾಂ ಬರೆದವಳು ನಾನು. ಈ ಒಡೆತನವನ್ನು ಕಾಯುವುದು ಸ್ಮಾರ್ಟ್ ಪಾಯಿಂಟರ್ ಎಂಬ ಹಿಡಿಕೆ. ಹೆಸರು ಕೇಳಿ ಹೆದರಬೇಡಿ. ನಮ್ಮ ಮೀಟಿಂಗ್ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ, "ಕೊನೆಗೆ ಹೊರಡುವವರು ದೀಪ ಆರಿಸಿ" ಅಂತ. ಅಷ್ಟೇ ವಿಷಯ. ಒಳಗೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕವೊಂದು ಇರುತ್ತದೆ. ಯಾರಾದರೂ ಬಂದರೆ ಏರುತ್ತದೆ, ಹೋದರೆ ಇಳಿಯುತ್ತದೆ, ಸೊನ್ನೆಯಾದ ಕೂಡಲೇ ದೀಪ ತಾನಾಗಿ ಆರುತ್ತದೆ. ಬಾಗಿಲಿನ ಗಾಜಿನಿಂದ ಸುಮ್ಮನೆ ಇಣುಕುವವರೂ ಇರುತ್ತಾರಲ್ಲ, ಅವರ ಹಿಡಿಕೆಗೆ ವೀಕ್ ಪಾಯಿಂಟರ್ ಅನ್ನುತ್ತೇವೆ. ದೀಪ ಉರಿಯುವವರೆಗೂ ಅವರು ನೋಡಬಹುದು, ಕೇಳಬಹುದು. ಆದರೆ ಅವರು ಲೆಕ್ಕಕ್ಕಿಲ್ಲ. ಅವರು ಇಣುಕುತ್ತಿದ್ದಾರೆಂದು ದೀಪ ಕಾಯುವುದಿಲ್ಲ.

ಅಮ್ಮನ ಗಂಟಿನಲ್ಲಿ ನಾವು ಮೂವರು ಒಡೆಯರಿದ್ದೆವು, ಅಮ್ಮ, ನಾನು, ತಂಗಿ. ಅಮ್ಮ ಹೋದ ಮೇಲೆ ಅವಳ ಖಾತೆಯನ್ನು ನಾನೇ ಮುಚ್ಚಿದೆ. ಆಮೇಲೊಂದು ಬೆಳಗ್ಗೆ ಬಸ್ಸಿನಲ್ಲಿ ನಿಂತಿದ್ದೆ. ನಮ್ಮ ಆ್ಯಪಿಗೆ ಹಳೆಯದನ್ನು ನೆನಪಿಸುವ ಒಂದು ಚಾಳಿ ಇದೆ. ಕಿಸೆಯಿಂದ ಇದ್ದಕ್ಕಿದ್ದಂತೆ ಅಮ್ಮ, "ಏಯ್ ದೊಡ್ಡೋಳೇ, ಗ್ಯಾಸ್ ಆರಿಸಿದ್ಯೇನೇ?" ಎಂದು ಕೂಗಿದಳು. ಬಸ್ಸಿನವರೆಲ್ಲ ನಕ್ಕರು. ನಾನು ಮುಂದಿನ ಸ್ಟಾಪಿನಲ್ಲೇ ಇಳಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಅಲ್ಲೇ "ಬರೀ ನೋಡುವೆ" ಎಂಬುದನ್ನು ಒತ್ತಿದೆ. ಹಾಗೆ ಮಾಡಿದರೆ ನೆನಪಿಸುವುದು ನಿಲ್ಲುತ್ತದೆ. ಒಡೆತನವೂ ಹೋಗುತ್ತದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಬಟನ್ ಮಾಡಿದವಳೇ ನಾನು. ತಂಗಿ ಹಿಡಿದಿದ್ದಾಳಲ್ಲ, ರೆಕಾರ್ಡ್ ಮಾಡಿದವಳೇ ಅವಳು, ಪ್ರಾಣ ಹೋದರೂ ಬಿಡುವುದಿಲ್ಲ ಅಂದುಕೊಂಡೆ.

ಆದ್ದರಿಂದ ತಂಗಿಯ ಫೋನ್ ಬಂದ ದಿನ ನಾನು ಮೊದಲು ಮಾಡಿದ್ದು ಗಂಟು ತೆರೆದು ನೋಡಿದ್ದು. ಇತ್ತು. ಎಲ್ಲ ಇತ್ತು. ಒಂದನ್ನು ಒತ್ತಿದೆ. "ಮಾತಾಡು ಮಾತಾಡು ಅಂದ್ರೆ ಏನು ಮಾತಾಡ್ಲೇ, ಈ ಡಬ್ಬದ ಮುಂದೆ ಹುಚ್ಚಿ ಥರ..." ಅಷ್ಟಕ್ಕೇ ನಿಲ್ಲಿಸಿದೆ. ಪೂರ್ತಿ ಈಗಲೇ ಕೇಳಿಬಿಟ್ಟರೆ ಭಾನುವಾರಕ್ಕೆ ಏನು ಉಳಿಯುತ್ತದೆ ಅನ್ನಿಸಿತು. ಹಾಗೆ ನಿಲ್ಲಿಸಿದ ಬೆರಳನ್ನು ಈಗ ನೋಡಿಕೊಂಡರೆ ಕತ್ತರಿಸಿ ಎಸೆಯೋಣ ಅನ್ನಿಸುತ್ತದೆ. ಗಂಟು ಇದೆಯಾ ಎಂದು ಕೇಳಿದೆ, ಇದೆ ಅಂದಿತು. ಯಾರ ಕೈಯಲ್ಲಿದೆ ಎಂದು ಕೇಳಲಿಲ್ಲ.

ಇನ್ನು ಭಾನುವಾರಕ್ಕೆ ಅಡ್ಡಿ ಅಂದರೆ ಒಂದೇ, ನಮ್ಮ ಸರ್ವರ್. ಕೆಲವು ತಿಂಗಳಿಂದ ಅದಕ್ಕೆ ಹೊಟ್ಟೆಯುಬ್ಬರ. ಮೆಮೊರಿ ತುಂಬುತ್ತಾ ತುಂಬುತ್ತಾ ಉಸಿರುಗಟ್ಟಿ ಬೀಳುತ್ತಿತ್ತು. ಬೀಳುವುದು ಬಹುಮಟ್ಟಿಗೆ ಭಾನುವಾರವೇ, ಮನೆಮಂದಿಯೆಲ್ಲ ಕೂತು ಹಳೆಯದನ್ನು ಕೇಳುವ ದಿನ. ಬಿದ್ದಾಗ ಎತ್ತಲು ಕರೆ ಬರುವುದು ನನಗೆ. ಗಡ್ಡದವರಿಗೆ ಬೈಯುತ್ತಿದ್ದದ್ದೂ ಅದಕ್ಕೇ. ನಾವು ಬರೆದದ್ದನ್ನೆಲ್ಲ ಪರೀಕ್ಷಿಸಿ ಬಿಡುವವರು ಅವರು, ಆಮೆಯ ತಮ್ಮ. ನಾಲ್ಕು ವರ್ಷದ ಮೇಲೆ ತಂಗಿ ಬರುವ ದಿನ ನಾನು ಸರ್ವರಿನ ಶುಶ್ರೂಷೆ ಮಾಡುತ್ತಾ ಕೂರಲಾರೆ, ಶುಕ್ರವಾರದೊಳಗೆ ಇದರ ಮೂಲ ಹುಡುಕಿಯೇ ಸಿದ್ಧ ಎಂದು ಹಟ ಹಿಡಿದೆ.

ಹುಡುಕಿದೆ ಕೂಡ. ತಪ್ಪು ನನ್ನದೇ, ಶುರುವಿನ ದಿನಗಳದ್ದು. ಪ್ರತಿ ಗಂಟಿಗೂ ಒಂದು ಸೂಚಿ ಇರುತ್ತದೆ, ಯಾವುದು ಎಲ್ಲಿದೆ ಎಂದು ಹೇಳಲು. ಗಂಟು ಸೂಚಿಯನ್ನು ಹಿಡಿದಿತ್ತು, ಸೂಚಿ ಗಂಟನ್ನು ಹಿಡಿದಿತ್ತು. ಮೀಟಿಂಗ್ ಕೋಣೆಯಲ್ಲಿ ಇಬ್ಬರು ಮರ್ಯಾದಸ್ಥರು ಉಳಿದುಬಿಟ್ಟರೆ ಹೇಗೆ? "ನೀವು ಮೊದಲು ನಡೀರಿ." "ಛೆ ಛೆ, ನೀವು ಮೊದಲು." ಇಬ್ಬರೂ ಹೊರಡುವುದಿಲ್ಲ, ದೀಪ ಆರುವುದಿಲ್ಲ. ಮನುಷ್ಯರೆಲ್ಲ ಬಿಟ್ಟುಹೋದ ಸಾವಿರಾರು ಗಂಟುಗಳು ಹೀಗೆ ತಮ್ಮ ಸೂಚಿಗಳ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದವು. ಸರ್ವರನ್ನು ಆರಿಸಿ ಮತ್ತೆ ಹಚ್ಚಿದರೂ ಕೈಕೈ ಹಿಡಿದೇ ಏಳುತ್ತಿದ್ದವು. ಮದ್ದು ಸುಲಭ. ಎರಡರಲ್ಲಿ ಒಂದು ಹಿಡಿಕೆಯನ್ನು ವೀಕ್ ಮಾಡಬೇಕು. ಸೂಚಿ ಗಂಟನ್ನು ಇಣುಕಿ ನೋಡಲಿ, ಹಿಡಿಯುವುದು ಬೇಡ. ಒಂದು ಸಾಲಿನ ಬದಲಾವಣೆ. ಈ ಕೆಲಸ ಕಲಿತ ಯಾರನ್ನು ಕೇಳಿದರೂ ಅದೇ ಸರಿ ಅನ್ನುತ್ತಾರೆ.

ಗಡ್ಡದವರು ಎಲ್ಲ ಪರೀಕ್ಷಿಸಿ ಸರಿಯಾಗಿದೆ ಅಂದರು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಮತ್ತೇನ್ರೀ?" ಅಂದೆ.

"ಇದನ್ನ ಹಾಕಿದ ತಕ್ಷಣ ಅವೆಲ್ಲ ಅಳಿದುಹೋಗುತ್ವೆ ಮೇಡಂ. ಒಂದು ವಾರ ಪಕ್ಕಕ್ಕಿಟ್ಟು ನೋಡೋಣ್ವಾ? ಗಾಜಿನಿಂದ ಇಣುಕ್ತಾ ಇರೋರು ಯಾರಾದ್ರೂ ಇದ್ರೆ ಅವರಿಗೊಂದು ಮೆಸೇಜ್ ಹಾಕೋಣ."

"ಬೇಕಾಗಿದ್ದೋರು ಒಳಗೆ ಬಂದು ಕೂರ್ತಿದ್ರು. ಬಿಟ್ಟುಹೋದೋರು ಇದು ಅಳಿಯುತ್ತೆ ಅಂತ ನಂಬಿ ಬಿಟ್ಟಿದ್ದಾರೆ. ಅವರಿಗೆ ನಾವು ಕೊಟ್ಟಿರೋ ಮಾತದು. ಯಾರೂ ಹಿಡೀದೇ ಇರೋದನ್ನ ಯಾರಿಗೋಸ್ಕರ ಇಟ್ಕೊಂಡು ಕೂರೋದು? ನಿಮ್ಮಪ್ಪನ ಗಂಟೇನ್ರೀ ಹೋಗೋದು?"

"ನಮ್ಮಪ್ಪಂದಲ್ಲ ಮೇಡಂ," ಅಂದರು ಅವರು. "ಯಾರದ್ದೋ ಇರುತ್ತೆ, ಅಷ್ಟೇ."

ಶುಕ್ರವಾರ ಮಧ್ಯಾಹ್ನ ಹಾಕಿದೆವು. ಪರದೆಯ ಮೇಲೆ ಮೆಮೊರಿಯ ಗೆರೆ ಬೆಟ್ಟ ಇಳಿದಂತೆ ಸರಸರನೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಮ್ಯಾನೇಜರ್ ಬಿಸ್ಕತ್ತು ತರಿಸಿದರು. ನಾನು ಅವತ್ತು ಯಾರಿಗೂ ಬೈಯಲಿಲ್ಲ. ಮೆಣಸಿನಕಾಯಿಗೆ ಇವತ್ತು ಏನಾಗಿದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ತಂಗಿ ಬರ್ತಿದ್ದಾಳೆ ಕಣ್ರೋ ಎಂದು ಕೂಗಿ ಹೇಳಬೇಕು ಅನ್ನಿಸಿತು.

ಶನಿವಾರ ಮನೆ ಗುಡಿಸಿದೆ, ಒರೆಸಿದೆ, ಮಂಚದ ಕೆಳಗಿನ ಧೂಳನ್ನೂ ಬಿಡಲಿಲ್ಲ. ಅಮ್ಮನ ಲೋಟ, ಚಮಚವನ್ನು ಹುಡುಕಿ ತೊಳೆದು ಮೇಜಿನ ಮೇಲಿಟ್ಟೆ, ಮಗು ನೋಡಲಿ ಎಂದು. ಹೊಸ ಸ್ಪೀಕರ್ ತಂದಿದ್ದೆ, ದನಿ ಹೇಗೆ ಬರುತ್ತದೆ ನೋಡೋಣ ಎಂದು ಗಂಟು ತೆರೆದೆ.

"ಈ ಗಂಟನ್ನು ಹಿಡಿದವರು ಯಾರೂ ಉಳಿದಿಲ್ಲ. ಆದ್ದರಿಂದ ಇದು ಈಗ ಇಲ್ಲ."

ಆ ಸಾಲು ಬರೆದವಳೂ ನಾನೇ. ಮುಂದೆ "ಕ್ಷಮಿಸಿ" ಎಂದು ಸೇರಿಸೋಣ ಅಂತ ಯಾರೋ ಅಂದಿದ್ದರು. ಬಿಟ್ಟುಹೋದವರು ಅವರು, ಕ್ಷಮೆ ನಾವು ಯಾಕೆ ಕೇಳಬೇಕು ಎಂದು ನಾನು ಬಾಯಿ ಮುಚ್ಚಿಸಿದ್ದೆ.

ಚಪ್ಪಲಿಯನ್ನು ಬಲ ಎಡ ನೋಡದೆ ಮೆಟ್ಟಿಕೊಂಡು ಕಚೇರಿಗೆ ಓಡಿದೆ. ಗಡ್ಡದವರಿಗೆ ಫೋನ್ ಮಾಡಿದೆ, ರಜೆಯ ದಿನ ಪಾಪ ಮಗನ ಸೈಕಲ್ ರಿಪೇರಿ ಮಾಡುತ್ತಿದ್ದವರು ಗ್ರೀಸ್ ಕೈಯಲ್ಲೇ ಬಂದರು. ಬ್ಯಾಕಪ್ ಇತ್ತು. ಆದರೆ ಪ್ರತಿ ಗಂಟಿಗೂ ಅದರದೇ ಬೀಗ, ಅದರದೇ ಕೀಲಿ. ಗಂಟು ಅಳಿದಾಗ ಕೀಲಿಯೂ ಅಳಿಯಬೇಕು, ಅಳಿಸಿದೆವು ಅಂದರೆ ಅಳಿಸಿರಬೇಕು ಎಂದು ಪಟ್ಟು ಹಿಡಿದು ಹಾಗೆ ಮಾಡಿಸಿದವಳು ಮತ್ತೆ ನಾನೇ. ಅಮ್ಮನ ದನಿ ಬ್ಯಾಕಪ್ಪಿನಲ್ಲಿ ಬೀಗ ಹಾಕಿಕೊಂಡು ಕೂತಿದೆ, ಇನ್ನು ಯಾವ ಕಾಲಕ್ಕೂ ತೆರೆಯುವುದಿಲ್ಲ.

ಯಾರು ಯಾವಾಗ ಬಿಟ್ಟರು ಎಂಬುದು ಮಾತ್ರ ಸಿಕ್ಕಿತು. ತಂಗಿ ಬಿಟ್ಟದ್ದು ನಮ್ಮ ಜಗಳದ ಮಾರನೆಯ ದಿನ. ಅವಳು ಹೋದದ್ದು ನನಗೆ ತಿಳಿಯಲಿಲ್ಲ. ನಾನು ಹೊರಗೆ ಬಂದಾಗ ಕೊನೆಯವಳು ನಾನೇ ಎಂದೂ ಆ್ಯಪ್ ಹೇಳಲಿಲ್ಲ. ಯಾರು ಬಿಟ್ಟರೆಂದು ಗೊತ್ತಾದರೆ ಮನೆಗಳಲ್ಲಿ ಜಗಳವಾಗುತ್ತದೆ, ಹೇಳುವುದು ಬೇಡ ಎಂದು ತೀರ್ಮಾನಿಸಿದ್ದೆ. ನಾನು ಬಿಟ್ಟ ದಿನದಿಂದ ಈ ಶುಕ್ರವಾರದವರೆಗೂ ಅಮ್ಮನ ದನಿಯನ್ನು ಅವಳು ಹೆತ್ತ ಇಬ್ಬರು ಹೆಣ್ಣುಮಕ್ಕಳಲ್ಲಿ ಯಾರೂ ಹಿಡಿದಿರಲಿಲ್ಲ. ಅದನ್ನು ಹಿಡಿದಿಟ್ಟಿದ್ದದ್ದು ಪ್ರೋಗ್ರಾಂ ಬರೆಯುವಾಗ ನಾನು ಮಾಡಿದ ತಪ್ಪು. ಆ ತಪ್ಪನ್ನು ನಾನು ಸರಿ ಮಾಡಿದೆ.

ಗಡ್ಡದವರು "ಹೇಳಿದ್ದೆ" ಅನ್ನಲಿಲ್ಲ. ಅಂದಿದ್ದರೆ ಒಂದಿಷ್ಟು ಬೈದಾದರೂ ಹಗುರವಾಗುತ್ತಿದ್ದೆ. ಗ್ರೀಸ್ ಅಂಟಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತೇ ಇದ್ದರು.

ಭಾನುವಾರ ತಂಗಿ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಮಗಳು ಅವಳ ಸೊಂಟಕ್ಕೆ ಬಂದಿದ್ದಾಳೆ, ಎಂಟು ವರ್ಷದವಳು, ಅಜ್ಜಿಯ ದನಿ ಕೇಳುವುದಕ್ಕೆಂದೇ ಹೊಸ ಫ್ರಾಕ್ ಹಾಕಿಕೊಂಡಿದ್ದಳು. ಕೂರುವುದಕ್ಕೂ ಬಿಡದೆ ಹೇಳಿಬಿಟ್ಟೆ. ಪಾಯಿಂಟರ್, ಸೂಚಿ, ದೀಪ, ಎಲ್ಲ ಹೇಳಿದೆ. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ನಾನು ಮಾತಾಡಿದ್ದಿಲ್ಲ.

ತಂಗಿ ಸ್ಪೀಕರಿನ ಕಡೆ ತಿರುಗಿದಳು.

"ನಾನು ಸಿಟ್ಟಲ್ಲಿ ಬಿಟ್ಟೆ," ಅಂದಳು. "ನೀನು ಇದ್ದೀಯಲ್ಲ, ಆ ಆ್ಯಪ್ ಮಾಡಿದವಳೇ ನೀನು, ನೀನು ಬಿಡ್ತೀಯಾ ಅಂತ."

"ನಾನೂ ನೀನಿದ್ದೀಯ ಅಂದ್ಕೊಂಡೆ."

"ನೀನು ಅದನ್ನ ಸರಿ ಮಾಡದೇ ಇದ್ದಿದ್ರೆ ಇವತ್ತು ಇರ್ತಿತ್ತಾ?"

"ಇರ್ತಿತ್ತು."

ಈಗ ಅನ್ನುತ್ತಾಳೆ ಎಂದು ಕಾದೆ. ಆಸ್ಪತ್ರೆಯಲ್ಲೊಂದು ಸಲ, ಈಗ ಇನ್ನೊಂದು ಸಲ, ಅಮ್ಮನ ದನಿಯನ್ನು ಎರಡು ಸಲ ಕಿತ್ತುಕೊಂಡವಳು ನೀನು ಎಂದು. ಅವಳು ಅನ್ನಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಗು ನಮ್ಮಿಬ್ಬರ ಮುಖ ನೋಡಿದಳು. "ದೊಡ್ಡಮ್ಮ, ಹಾಗಾದ್ರೆ ಅಜ್ಜಿ ದನಿ ಹೇಗಿತ್ತು?"

ತಂಗಿ, "ಸ್ವಲ್ಪ ಕಾಯಿರಿ, ಜೋಡಿಸ್ತೀನಿ" ಎಂದು ಅಮ್ಮನ ಹಾಗೆ ಹೇಳಲು ನೋಡಿದಳು. ಅದು ಅವಳದೇ ದನಿಯಾಗಿ, ತೆಳ್ಳಗೆ ಬಂತು. ತಲೆಯಾಡಿಸಿದಳು. "ನಂಗೆ ಬರಲ್ಲ ಪುಟ್ಟಾ. ದೊಡ್ಡಮ್ಮ ಬೈತಾಳಲ್ಲ, ಥೇಟ್ ಹಾಗೇ. ಅಡುಗೆಮನೆಯಿಂದ ಬೈದ್ರೆ ಅಜ್ಜಿನಾ ದೊಡ್ಡಮ್ಮನಾ ಅಂತ ತಾತಂಗೇ ಗೊತ್ತಾಗ್ತಿರ್ಲಿಲ್ಲ." ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಬೈಯಿ ಅಕ್ಕಾ. ಒಂದೇ ಸಲ ಬೈಯಿ, ಮಗು ಕೇಳಿಸ್ಕೊಳ್ಲಿ."

ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ. ಹಾಲಿನವನಿಗೆ, ಬಸ್ಸಿನವನಿಗೆ, ಕಚೇರಿಯವರಿಗೆ, ಕಂಡಕಂಡವರಿಗೆಲ್ಲ ಬೈದವಳು ನಾನು. ಬಾಯಿ ತೆರೆದೆ. "ಏಯ್" ಅನ್ನಬೇಕು, ಅಷ್ಟೇ, ಉಳಿದದ್ದು ತಾನಾಗಿ ಬರುತ್ತದೆ. ಗಂಟಲಿನಿಂದ ಗಾಳಿ ಬಂತು. ಇನ್ನೊಂದು ಸಲ ನೋಡಿದೆ. ಗಾಳಿಯೂ ಬರಲಿಲ್ಲ.

ಮಗು ಕಾದಳು. ಆಮೇಲೆ ನನ್ನ ಮೇಲೆ ಕನಿಕರ ಬಂದಿರಬೇಕು. "ಪರವಾಗಿಲ್ಲ ದೊಡ್ಡಮ್ಮ, ಇದು ನಂಗೆ ಗೊತ್ತು," ಎಂದು ಮೇಜಿನ ಮೇಲಿದ್ದ ಚಮಚ ತೆಗೆದುಕೊಂಡು ಅಮ್ಮನ ಲೋಟಕ್ಕೆ ಒಂದು ಸಲ ಬಡಿದಳು.

ನನ್ನ ಕರೆ ಅದು. ಕಾಲುಗಳು ತಾವಾಗಿ ಎದ್ದು ನಿಂತವು. ಬಂದೆ ಅಮ್ಮಾ ಅನ್ನಬೇಕಿತ್ತು, ಅದೂ ಬಾಯಿಗೆ ಬರಲಿಲ್ಲ.